ಗಾಜಿನ ಮುಖದ ಬಲ ಹುಬ್ಬು

ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ ಅಮೆರಿಕದ ವುಡ್‌ಬ್ರಿಡ್ಜ್ ಪೊಲೀಸ್ ಠಾಣೆಗೆ ದೂರು ಬಂತು. ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿದ್ದ ಪ್ರಾಚೀನ ಈಜಿಪ್ಟಿನ ಗಾಜಿನ ಮುಖವನ್ನು ಯಾರೋ ಕದ್ದು, ಅದರ ಜಾಗದಲ್ಲಿ ನಕಲಿ ಇಟ್ಟಿದ್ದಾರೆ. ಹೆಬ್ಬೆರಳಿನಷ್ಟು ಗಾತ್ರ, ಆ ಕಾಲದವರು ಮರದ ಪೆಟ್ಟಿಗೆಯ ಮೇಲೆ ಅಂದಕ್ಕೆ ಕೂರಿಸುತ್ತಿದ್ದ ಚೂರು. ದೂರು ಕೊಟ್ಟವರು ಕ್ಯುರೇಟರ್ ಅಶ್ವತ್ಥನಾರಾಯಣ. ಅನುಮಾನ ಯಾರ ಮೇಲೆಂದು ಕೇಳುವ ಮೊದಲೇ, ಮ್ಯೂಸಿಯಮ್ಮಿನ ಲ್ಯಾಬಿನಲ್ಲಿ ಗಾಜು ಪರೀಕ್ಷಿಸುವ ಸಿಯಾಳ ಹೆಸರು ಹೇಳಿದರು.

ಕೇಳದೆಯೇ ಹೆಸರು ಹೇಳುವವರನ್ನು ಡಿಟೆಕ್ಟಿವ್ ಭೂಮಿಕಾ ಸುಲಭಕ್ಕೆ ನಂಬುವವಳಲ್ಲ. ಹಾಗಂತ ಸಿಯಾಳನ್ನೂ ನಂಬಲಿಲ್ಲ. ಗಾಜಿನ ಮುಖ ಇಟ್ಟಿದ್ದ ಬೀರುವಿನ ಕೀ ಆ ಮೈಸೂರು ಹುಡುಗಿಯ ಬಳಿಯೂ ಇತ್ತು. ಮೇಲಾಗಿ ವೀಕೆಂಡಿನಲ್ಲಿ ಬ್ರೂಕ್ಲಿನ್‌ಗೆ ಹೋಗಿ ಗಾಜಿನ ಕೆಲಸ ಕಲಿಯುತ್ತಿದ್ದಳು.

"ಇದನ್ನ ನೀವೇ ಮಾಡಿದ್ರಾ?" ನಕಲಿ ಮುಖ ತೋರಿಸಿ ಭೂಮಿಕಾ ಸಿಯಾಳನ್ನು ಕೇಳಿದಳು.

"ಇಲ್ಲ ಮೇಡಂ. ಇದು ಮೊದಲಿಂದ್ಲೂ ನಕಲೀನೇ. ಶುಕ್ರವಾರ ಟೆಸ್ಟ್ ಮಾಡಿ ಸರ್‌ಗೆ ಹೇಳ್ದೆ. ಇವತ್ತು ನಾನೇ ಕಳ್ಳಿ."

"ಹೇಗೆ ಗೊತ್ತಾಯ್ತು?"

"ಆ ಕಾಲದಲ್ಲಿ ಇಂಥ ಮುಖಾನ ಅರ್ಧ ಮಾತ್ರ ಮಾಡ್ತಿದ್ರು. ಒಂದೇ ಗಾಜಿನ ಕಡ್ಡಿಯಿಂದ ಎರಡು ಬಿಲ್ಲೆ ಕೊಯ್ದು, ಒಂದನ್ನ ಮಗುಚಿ ಜೋಡಿಸೋರು. ಎರಡೂ ಹುಬ್ಬು ಒಂದೇ ಥರ ಇರ್ಬೇಕು. ಇದರಲ್ಲಿ ಬಲ ಹುಬ್ಬೇ ಬೇರೆ." ಅವಳು ಗಾಜಿನ ಚೂರನ್ನು ಭೂಮಿಕಾಳತ್ತ ಸರಿಸಿದಳು. "ಕೆಲಸ ಹೋದ್ರೆ ನನ್ನ ವೀಸಾನೂ ಹೋಗತ್ತೆ."

ಹಳೆಯ ಫೋಟೊ ನೋಡಿದರೆ ಸತ್ಯ ತಿಳಿಯುತ್ತಿತ್ತು. ಆದರೆ ಮ್ಯೂಸಿಯಮ್ಮಿನ ಕಂಪ್ಯೂಟರಿನಿಂದ ಅವು ಅಳಿಸಿಹೋಗಿದ್ದವು. ಅಳಿಸುವ ಅವಕಾಶ ಇಬ್ಬರಿಗೂ ಇತ್ತು.

ಗುರುವಾರ ಹೇಳಿಕೆಗೆ ಸಹಿ ಪಡೆಯಲು ಭೂಮಿಕಾ, ಸಹೋದ್ಯೋಗಿ ರಾಜ್ ಜೊತೆ ಪ್ರಿನ್ಸ್‌ಟನ್ನಿನ ಅಶ್ವತ್ಥನಾರಾಯಣರ ಮನೆಗೆ ಹೋದಳು. ಅವರ ಹೆಂಡತಿ ಪಂಕಜಾ ಕಾಫಿ ತಂದರು. ಗೋಡೆಯ ಮೇಲೊಂದು ಫೋಟೊ: ಮೈಕ್ರೋಸ್ಕೋಪಿಗೆ ಕುಂಕುಮ, ಸೇವಂತಿಗೆ, ಪಕ್ಕದ ಪರದೆಯಲ್ಲಿ ಗಾಜಿನ ಮುಖ ದೊಡ್ಡದಾಗಿ.

"ಆಯುಧಪೂಜೆನಾ ಆಂಟಿ?"

"ಹೂಂ ಕಣಮ್ಮ, ಪ್ರತಿ ವರ್ಷ ಲ್ಯಾಬಲ್ಲೇ ಮಾಡ್ತಾರೆ. ಇದು ಹತ್ತು ವರ್ಷದ ಹಿಂದಿಂದು." ಪಂಕಜಾ ಹೆಮ್ಮೆಯಿಂದ ಹೇಳಿದರು.

ಭೂಮಿಕಾ ಹತ್ತಿರ ಹೋಗಿ ನೋಡಿದಳು. ಬಲ ಹುಬ್ಬು ಬೇರೆಯೇ ಇತ್ತು.

"ಅಂಕಲ್, ಸಿಯಾ ಕೆಲಸಕ್ಕೆ ಸೇರಿದ್ದು ಯಾವಾಗ?"

"ಎರಡು ವರ್ಷ..." ಎನ್ನುತ್ತಾ ಅವರು ಫೋಟೊ ಕಡೆ ತಿರುಗಿದರು. ಸಹಿಗೆಂದು ಹಿಡಿದಿದ್ದ ಪೆನ್ನು ಕೆಳಗಿಟ್ಟರು.

ಮಹಜರು ಬರೆದು ಫೋಟೊ ವಶಕ್ಕೆ ಪಡೆದರು. ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಅಶ್ವತ್ಥನಾರಾಯಣರ ಬಂಧನವಾಯಿತು. ಪಂಕಜಾರ ಮುಖ ನೋಡಲು ಭೂಮಿಕಾಗೆ ಸಂಕಟವಾಯಿತು.

ಠಾಣೆಯಲ್ಲಿ ಅವರು ಒಪ್ಪಿಕೊಂಡರು. "ಅಸಲಿ ಅಂತ ಮ್ಯೂಸಿಯಮ್ಮಿಗೆ ಕೊಡಿಸಿದ್ದೇ ನಾನು. ಕಂಪ್ಯೂಟರಿಂದ ಫೋಟೊ ಅಳಿಸಿದ್ದೂ ನಾನೇ. ಹುಬ್ಬಿನ ವ್ಯತ್ಯಾಸ ಕಂಡಿತ್ತು, ಕುಶಲಕರ್ಮಿಯ ಕೈತಪ್ಪು ಅಂತ ಸಮಾಧಾನ ಮಾಡ್ಕೊಂಡಿದ್ದೆ."

"ಸಿಯಾ ಎಲ್ಲರಿಗೂ ಹೇಳ್ತೀನಿ ಅಂತ ಹೆದರಿಸಿದ್ಲಾ?"

"ಇಲ್ಲಮ್ಮ. 'ಸರ್, ನಕಲಿ ಅಂತ ನೀವೇ ಕಂಡುಹಿಡಿದಿದ್ದು ಅಂತ ಬರೀರಿ, ನಾನು ಯಾರಿಗೂ ಹೇಳಲ್ಲ' ಅಂದ್ಲು." ಅವರು ತಲೆ ತಗ್ಗಿಸಿದರು. "ಆ ಹುಡುಗಿ ನನ್ನ ಮೇಲೆ ಕನಿಕರ ಪಟ್ಲಲ್ಲ, ಅದನ್ನ ತಡ್ಕೊಳ್ಳಕ್ಕೆ ಆಗ್ಲಿಲ್ಲ."