ಬಿಸಿಲು ಹೆಚ್ಚಾದ ಬೀದಿ

"ನಾಳೆಯಿಂದ ನಾನು ಬರಲ್ಲ ಮೇಡಂ," ಎಂದರು ಕರೆಂಟ್ ಆಫೀಸಿನವರು, ನಮ್ಮ ಲಾಂಡ್ರಿಯ ಮೀಟರ್ ಪೆಟ್ಟಿಗೆಯ ಬಾಗಿಲು ಮುಚ್ಚುತ್ತಾ.

ನನ್ನ ಕೈಯ ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಶರ್ಟಿನ ಮೇಲೆ ನಿಂತೇಬಿಟ್ಟಿತು.

"ಶರ್ಟು ಕಣೇ, ಶರ್ಟು!" ಎಂದು ಚಿಕ್ಕಮ್ಮ ಕೂಗಿದಳು.

ನಮ್ಮದು ಬೀದಿಯ ಕೊನೆಯ ಅಂಗಡಿ. ಇಲ್ಲಿ ಎಲ್ಲರ ಮನೆಯ ಮೇಲೂ ಸೋಲಾರ್. ಮಧ್ಯಾಹ್ನ ಅಷ್ಟೂ ತಾರಸಿಗಳು ಕರೆಂಟ್ ಸುರಿಸುತ್ತವೆ, ಬಳಸೋಕೆ ಮನೆಯಲ್ಲಿ ಯಾರೂ ಇರುವುದಿಲ್ಲ. ಆಗ ವೋಲ್ಟೇಜ್ ಏರಿ, ಸೋಲಾರ್ ತನ್ನಷ್ಟಕ್ಕೆ ಆಫ್ ಆಗುತ್ತದೆ. ಬಿಸಿಲು ಕಣ್ಣು ಕುಕ್ಕುವಾಗಲೇ ನಮಗೆ ಸೋಲಾರ್ ಇಲ್ಲ! ನಾನೇ ದೂರು ಕೊಟ್ಟೆ. ದಿನಾ ವೋಲ್ಟೇಜ್ ಅಳೆದು ನೋಡಲು ಇವರು ಬರತೊಡಗಿದರು. ತೊಂದರೆ ನಿಜವೆಂದು ಕಂಡರೆ ಬೀದಿಯ ತುದಿಗೊಂದು ದೊಡ್ಡ ಬ್ಯಾಟರಿ ಬರುತ್ತಿತ್ತು. ಮಧ್ಯಾಹ್ನ ಹೆಚ್ಚಾದದ್ದನ್ನು ತುಂಬಿಟ್ಟುಕೊಂಡು, ಸಂಜೆ ಎಲ್ಲರಿಗೂ ಹಿಂದಿರುಗಿಸುವ ಬ್ಯಾಟರಿ. ಅದನ್ನು ನೋಡಿಕೊಳ್ಳುವವರೂ ಇವರೇ.

ಮೊದಲ ದಿನ ಅವರ ಕೈಯ ಮೀಟರ್ ಇನ್ನೂರ ಐವತ್ತೆಂಟು ವೋಲ್ಟ್ ತೋರಿಸಿತು, ಇರಬೇಕಾದ್ದು ಇನ್ನೂರ ಮೂವತ್ತು. ಮುಖ ಬಾಡಿಹೋಯಿತು. ಮಾರನೆಯ ದಿನ ಅವರು ಬಂದಾಗ ಬಟ್ಟೆ ಒಣಗಿಸುವ ಡ್ರೈಯರ್‌ಗಳೆಲ್ಲ ಓಡುತ್ತಿದ್ದವು, ಹೆಚ್ಚಾದ ಕರೆಂಟನ್ನು ಅವೇ ಕುಡಿದು ಅಂಕಿ ಇಳಿದಿತ್ತು. ಒಳ್ಳೆ ವೋಲ್ಟೇಜ್ ಕಂಡರೆ ತೊಟ್ಟಿಲ ಮಗು ಕಂಡ ಹಾಗೆ ನಗುವ ಜಾತಿ ಅದು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ನಾನು ನೋಡಬಾರದಿತ್ತು, ನೋಡಿಬಿಟ್ಟೆ.

ಅಂದಿನಿಂದ ಅವರ ಸ್ಕೂಟರ್ ಸದ್ದಾದರೆ ಸಾಕು, ನನ್ನ ಕೈ ಡ್ರೈಯರ್ ಸ್ವಿಚ್‌ಗಳ ಮೇಲೆ.

"ಯಾಕೆ ಬರಲ್ಲ?" ಎಂದೆ.

"ಇಲ್ಲಿ ಎಲ್ಲಾ ಸರಿಯಾಗಿದೆಯಲ್ಲ. ಮೊದಲ ದಿನ ಬಿಟ್ರೆ ವೋಲ್ಟೇಜ್ ಏರೇ ಇಲ್ಲ. ಬ್ಯಾಟರಿ ಬೇರೆ ಊರಿಗೆ ಹೋಗುತ್ತೆ." ಹೊಳೆಯುತ್ತಿದ್ದ ಮೀಟರನ್ನೇ ಮತ್ತೆ ಕರ್ಚೀಫಿನಲ್ಲಿ ಒರೆಸಿದರು. "ಅದರ ಹಿಂದೆ ನಾನೂ."

ಚಿಕ್ಕಮ್ಮ ಕನ್ನಡಕ ಹಣೆಗೇರಿಸಿದಳು. "ಸಾರ್, ಆ ಓಡ್ತಿರೋ ಡ್ರೈಯರ್ ತೆಗೆದು ನೋಡಿ."

"ಚಿಕ್ಕಮ್ಮಾ!"

ಅವರು ತೆಗೆದರು. ಒಳಗೆ ಒಂದು ಟವೆಲ್. ಪಕ್ಕದ್ದರಲ್ಲಿ ಅದೂ ಇಲ್ಲ.

"ಆ ಟವೆಲ್ ಎರಡು ವಾರದಿಂದ ಒಣಗ್ತಾನೇ ಇದೆ," ಎಂದಳು ಚಿಕ್ಕಮ್ಮ. "ನೀವು ಬಂದಾಗ ಮಾತ್ರ."

ಅವರು ನನ್ನ ಕಡೆ ತಿರುಗಿದರು. "ನೀವೇ ದೂರು ಕೊಟ್ಟು, ನೀವೇ..? ಯಾಕೆ?"

ಇಸ್ತ್ರಿಯ ಹಬೆಗೋ ಏನೋ, ನನ್ನ ಮುಖ ಬಿಸಿಯಾಗಿತ್ತು. ಸುಳ್ಳು ಅಂಕಿ ತೋರಿಸಿ ಬ್ಯಾಟರಿ ಕಳೆದುಕೊಂಡದ್ದಾಯಿತು, ಇವರನ್ನೂ ಕಳೆದುಕೊಳ್ಳಲೇ?

"ಅಂಕಿ ಇಳಿದ್ರೆ ನೀವು ನಗ್ತೀರಿ," ಎಂದೆ. "ಅದಕ್ಕೆ."

ಅವರು ಡ್ರೈಯರ್‌ಗಳ ಕಡೆ ನಡೆದರು. ಒಂದೊಂದೇ ಸ್ವಿಚ್ ಆರಿಸಿದರು. ಅಂಗಡಿ ನಿಶ್ಶಬ್ದವಾಯಿತು. ಮೀಟರ್ ಪೆಟ್ಟಿಗೆ ತೆರೆದು ಮತ್ತೆ ಅಳೆದರು. ಅಂಕಿ ಏರಿತು, ಇನ್ನೂ ಏರಿತು. ಗೋಡೆಯ ಮೇಲಿನ ಸೋಲಾರ್ ಯಂತ್ರ ಟಕ್ ಎಂದು ಕೆಂಪು ದೀಪ ಹಚ್ಚಿಕೊಂಡು ಸುಮ್ಮನಾಯಿತು.

ಎಡಗೆನ್ನೆಯಲ್ಲಿ ಗುಳಿ ಬಿತ್ತು.

"ಇಷ್ಟು ಕೆಟ್ಟ ವೋಲ್ಟೇಜ್ ನೋಡಿ ನಾನು ಯಾವತ್ತೂ ನಕ್ಕಿಲ್ಲ ಕಣ್ರೀ."

ಮೇಡಂ ಹೋಗಿ ಕಣ್ರೀ ಆಗಿತ್ತು. ಚಿಕ್ಕಮ್ಮ ಕೆಮ್ಮಿದಳು.

"ಮತ್ತೆ ಬ್ಯಾಟರಿ?" ಎಂದೆ.

"ಇಲ್ಲಿಗೇ ಬರುತ್ತೆ, ನಾನು ಬರೆದು ಕೊಡ್ತೀನಿ. ಆದ್ರೆ ಇನ್ನೊಂದು ವಾರ ದಿನಾ ಬಂದು ಅಳೀಬೇಕು. ಡ್ರೈಯರ್ ಹಾಕ್ಬೇಡಿ." ಮೀಟರಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಆ ವಾರ ಮುಗಿದ ಮೇಲೂ..."

"ಮುಗಿದ ಮೇಲೂ ಬನ್ನಿ," ಎಂದೆ. "ಮೀಟರ್ ಮಾತ್ರ ತರಬೇಡಿ."