ಹೊಸ್ತಿಲ ಮೇಲಿನ ಹಡಗುಪಡೆ

ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ವಾಡೆಯ ದೊಡ್ಡ ಬಾಗಿಲು ದಾಟಿ ಒಳಗೆ ಬಂದ ಕಾಶಿ ಅಲ್ಲೇ ಗಕ್ಕನೆ ನಿಂತಳು. ಅವಳ ಕೈಯಲ್ಲಿ ನೀಲಿಪುಡಿಯ ಪೊಟ್ಟಣವಿತ್ತು. ಅಂಗಳದ ಆ ಬದಿಗೆ ಅವರ ಮನೆ. ಆ ಮನೆಯ ಕಟ್ಟೆಯ ಉದ್ದಕ್ಕೂ, ಹೊಸ್ತಿಲ ಎರಡೂ ಕಡೆ, ಸಾಲಾಗಿ ದೀಪಗಳು ಉರಿಯುತ್ತಿದ್ದವು.

ದೀಪಾವಳಿ ದಿನ ದೀಪ ಉರಿಯದೆ ಮತ್ತೇನು ಉರಿಯಬೇಕು ಎಂದು ನೀವು ಕೇಳಬಹುದು. ಆದರೆ ಅವು ದೀಪಗಳಲ್ಲ, ಹಡಗುಗಳು. ಇಡೀ ವಾಡೆಯ ಹುಡುಗರು ಸೇರಿ ಕಟ್ಟಿದ ಹಡಗುಪಡೆ.

ಅಜ್ಜಿ ಚನ್ನಬಸವ್ವ ಕೊನೆಯ ಹಡಗಿಗೆ ಎಣ್ಣೆ ಹೊಯ್ದು, ಬತ್ತಿ ತೀಡಿ, ಸೊಂಟ ಹಿಡಿದುಕೊಂಡು ಎದ್ದು ನಿಂತಳು. ಅವಳ ಮುಖ ಅರಳಿತ್ತು.

"ಬಂದ್ಯಾ ಕಾಶೀ? ನೋಡಿಲ್ಲೆ, ಹೆಂಗ ಕಾಣ್ತಾವ. ಹಬ್ಬಕ್ಕ ಹಣತಿ ಸಾಲೂದಿಲ್ಲಂತ ಚಿಂತಿ ಹತ್ತಿತ್ತು ನನಗ. ಯಾರೋ ಪುಣ್ಯಾತ್ಮರು ಬಾಗಲದಾಗ ತಂದಿಟ್ಟು ಹೋಗ್ಯಾರ."

ಕಾಶಿ ಕಣ್ಣಲ್ಲೇ ಎಣಿಸಿದಳು, ಒಂದು ಹಡಗೂ ಉಳಿದಿರಲಿಲ್ಲ.

ಪುಣೆಯ ಹುಡುಗರಿಗೆ ದೀಪಾವಳಿ ಬಂತೆಂದರೆ ಪಟಾಕಿಗಿಂತ ಮೊದಲು ನೆನಪಾಗುವುದು ಕಿಲ್ಲಾ. ಕಿಲ್ಲಾ ಎಂದರೆ ಕೋಟೆ. ಪ್ರತಿ ವಾಡೆಯ ಅಂಗಳದಲ್ಲೂ ಕಲ್ಲು ಮಣ್ಣು ಗುಡ್ಡೆ ಹಾಕಿ ಮಕ್ಕಳೇ ಕೋಟೆ ಕಟ್ಟುತ್ತಾರೆ. ಬುರುಜು, ಬಾಗಿಲು, ಸಿಪಾಯಿಗಳು, ಎಲ್ಲ ಇರುತ್ತದೆ. ಸಾಸಿವೆ ಚೆಲ್ಲಿ ಮೊಳಕೆ ಬರಿಸಿದರೆ ಕಾಡೂ ಆಯಿತು. ಲಕ್ಷ್ಮೀಪೂಜೆಯ ಸಂಜೆ ಓಣಿಯ ಜನ ವಾಡೆಯಿಂದ ವಾಡೆಗೆ ಕಿಲ್ಲಾ ನೋಡುತ್ತ ಬರುತ್ತಾರೆ.

ಈ ವರ್ಷ ಮಧುಕರನಿಗೆ ಗುಡ್ಡದ ಕೋಟೆ ಸಾಕಾಗಿತ್ತು. ಅವನಿಗೆ ಹನ್ನೆರಡು ವರ್ಷ. ವಾಡೆಯ ಮಕ್ಕಳಲ್ಲಿ ಅವನೇ ದೊಡ್ಡವನು, ಆದ್ದರಿಂದ ಅವನು ಹೇಳಿದ್ದೇ ಕಾಯಿದೆ. ಈ ಸಲ ಸಮುದ್ರ ಮಾಡೋಣ ಎಂದ. ಕತೆಯನ್ನೂ ಅವನೇ ಹೊಸೆದ. ನಡುಗಡ್ಡೆಯ ಕೋಟೆಯೊಳಗೆ ಕಾಳ್ಯಾ ಎಂಬ ಕಡಲ್ಗಳ್ಳ ಇದ್ದಾನೆ. ಅಕ್ಕಿ ತುಂಬಿದ ದೋಣಿ ಕಂಡರೆ ಸಾಕು, ಲೂಟಿ ಮಾಡುತ್ತಾನೆ. ಅವನ ಕಾಟ ತಾಳಲಾರದೆ ಎಲ್ಲ ಬಂದರುಗಳ ರಾಜರು ತಲಾ ಒಂದು ಹಡಗು ಕಳಿಸಿದ್ದಾರೆ. ಆ ಹಡಗುಗಳೆಲ್ಲ ಕೂಡಿ ಕಾಳ್ಯಾನ ಹುಟ್ಟಡಗಿಸಬೇಕು. ರಾಜರು ಎಲ್ಲಿಂದ ಬರಬೇಕು? ವಾಡೆಯ ಒಂದೊಂದು ಮನೆಯೂ ಒಂದೊಂದು ಬಂದರು. ಒಂದೊಂದು ಮನೆಯಿಂದ ಒಂದೊಂದು ಮಣ್ಣಿನ ಹಡಗು.

ಕಾಶಿಯ ಅಪ್ಪ ಈರಬಸಪ್ಪ ದಂಡಿನ ಬಡಾವಣೆಯಾದ ಕ್ಯಾಂಪಿನ ಆಫೀಸೊಂದರಲ್ಲಿ ಕಾರಕೂನ. ಧಾರವಾಡದಿಂದ ಅವರು ಈ ವಾಡೆಗೆ ಬಂದದ್ದು ಮಳೆಗಾಲದಲ್ಲಿ. ಮೊದಮೊದಲು ಕಾಶಿಯ ಮರಾಠಿ ಕೇಳಿ ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಆಟಕ್ಕೆ ಕರೆದರೂ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಅಂಥದರಲ್ಲಿ ಮಧುಕರ ಅವಳನ್ನು ಕರೆದು, "ನಿಮ್ಮ ಮನೆಯದೂ ಒಂದು ಹಡಗು ಬೇಕು" ಎಂದಾಗ ಕಾಶಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅದೇ ಖುಷಿಯಲ್ಲಿ, ಮಧ್ಯಾಹ್ನದ ಬಿಸಿಲು ನಮ್ಮ ಕಟ್ಟೆಗೇ ಚೆನ್ನಾಗಿ ಬೀಳುತ್ತದೆ, ಎಲ್ಲ ಹಡಗೂ ಅಲ್ಲೇ ಒಣಗಲಿ, ನಾನು ಕಾಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು. ಡ್ಯೂಟಿ ಅಂದರೆ ಡ್ಯೂಟಿ, ಒಂದು ಹಡಗಿಗೆ ಏನಾದರೂ ಆದರೆ ನೀನು ಕಿಲ್ಲಾದಿಂದ ಔಟ್ ಎಂದು ಮಧುಕರ ಎಲ್ಲರ ಮುಂದೆ ಹೇಳಿದ್ದ.

ಆಮೇಲೆ ಸಮುದ್ರವಾಗಬೇಕಿದ್ದ ಮರಳಿಗೆ ನೀಲಿ ಬಣ್ಣ ಬೇಕಾಗಿ ಅವನೇ ಅವಳನ್ನು ಅಂಗಡಿಗೆ ಓಡಿಸಿದ. ಕಾಶಿ ಓಡಿದಳು. ಬೆಳಗಿನಿಂದ ಒಳಗೆ ಕರ್ಚಿಕಾಯಿ ಕರಿಯುತ್ತಿದ್ದ ಅಜ್ಜಿಗೆ ಒಂದು ಮಾತು ಹೇಳಿ ಹೋಗಬೇಕೆಂಬುದು ತಲೆಗೇ ಬರಲಿಲ್ಲ.

ಅಜ್ಜಿಯದಾದರೂ ಏನು ತಪ್ಪು? ಊರಲ್ಲಿ ಅವಳು ಕಿಲ್ಲಾ ಕಂಡವಳಲ್ಲ, ಸಮುದ್ರ ಮೊದಲೇ ಕಂಡವಳಲ್ಲ. ಹಬ್ಬದ ದಿನ ಹೊಸ್ತಿಲ ಬಳಿ, ನಡುವೆ ತಗ್ಗು, ಮುಂದೆ ಚೂಪು ಮೂತಿ ಇರುವ ಮಣ್ಣಿನ ಸಾಮಾನು ಇಟ್ಟಿದ್ದರೆ ಯಾರಾದರೂ ಏನು ತಿಳಿಯಬೇಕು? ಹಾಯಿಯ ಕೋಲು ಸಿಗಿಸಲೆಂದು ಮೂತಿಯಲ್ಲಿ ಮಾಡಿದ್ದ ಕಚ್ಚಿನಲ್ಲಿ ಬತ್ತಿ ಹೇಳಿ ಮಾಡಿಸಿದ ಹಾಗೆ ಕೂತಿತ್ತು.

ಕಾಶಿ ಹತ್ತಿರ ಹೋಗಿ ನೋಡಿದಳು. ಸುಡದ ಹಸಿಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ಇನ್ನು ಇದಕ್ಕೆ ಯಾವ ಬಣ್ಣವೂ ಹಿಡಿಯುವುದಿಲ್ಲ.

"ಆ ಎದುರು ಮನಿಯಾಕಿ ನೋಡಿ ಏನೋ ಅಂದ್ಲು," ಎಂದಳು ಅಜ್ಜಿ. "ಛಾನ ಅಂದ್ಲು. ಛಾನ ಅಂದ್ರ ಚಲೋ ಅಂತಲ್ಲಾ?"

ಕಾಶಿ ತಲೆಯಾಡಿಸಿದಳು. ದಸರೆ ಮುಗಿದ ಮೇಲೆ ಪುಣೆಗೆ ಬಂದ ಅಜ್ಜಿ ದಿನವೆಲ್ಲ ಈ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಅವಳಿಗೆ ಮರಾಠಿ ಬಾರದು. ಹೆಂಗಸರು ಬಂದು ನಗುತ್ತಿದ್ದರು, ಇವಳೂ ನಗುತ್ತಿದ್ದಳು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಲ್ಲಿ ಗೋಡೆಯ ಜೊತೆ ಮಾತಾಡಬೇಕಷ್ಟೆ ಎಂದು ಕಾಶಿಯ ಅವ್ವನ ಮುಂದೆ ಹಲುಬುತ್ತಿದ್ದಳು. ಇವತ್ತು ಮೊದಲ ಸಲ ಒಬ್ಬರು ಅವಳ ಕೆಲಸ ನೋಡಿ ಚಲೋ ಅಂದಿದ್ದರು. ಅವು ಹಡಗು ಅಜ್ಜಿ ಎಂದು ಈಗ ಹೇಗೆ ಹೇಳುವುದು?

ಅಷ್ಟರಲ್ಲಿ ಮಧುಕರ ಬಂದ. ಅವನ ಹಿಂದೆ ಅವನ ತಂಗಿ ನರ್ಮದಾ, ಅವಳ ಹಿಂದೆ ಪುಟ್ಟ ಪ್ರಲ್ಹಾದ. ಮಧುಕರನ ಕೈತುಂಬ ಕಸಬರಿಗೆ ಕಡ್ಡಿಗೆ ಕಾಗದದ ಹಾಯಿ ಅಂಟಿಸಿದ ಹಾಯಿಕಂಬಗಳಿದ್ದವು. ಅವನು ಕಟ್ಟೆಯನ್ನು ನೋಡಿದ, ಕಾಶಿಯನ್ನು ನೋಡಿದ. ಕಿವಿಯವರೆಗೂ ಕೆಂಪಾದ.

"ನೀನು ಔಟ್," ಎಂದ ಮರಾಠಿಯಲ್ಲಿ. "ಸರಿ, ಜನ ಬರಲು ಇನ್ನೂ ಸಮಯ ಇದೆ. ಆರಿಸಿ ಒರೆಸಿ ನೋಡೋಣ." ಮೊದಲ ಹಡಗಿನ ಮುಂದೆ ಬಗ್ಗಿ ಊದಲು ಕೆನ್ನೆ ಉಬ್ಬಿಸಿದ.

ಕಾಶಿ ಅವನಿಗೂ ದೀಪಕ್ಕೂ ನಡುವೆ ಬಂದು ನಿಂತಳು. ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

"ನಾನು ಔಟ್ ಆದರೆ ಆಗಲಿ. ದೀಪ ಆರಿಸಬೇಡ."

"ಅವು ದೀಪ ಅಲ್ಲ."

"ಅಜ್ಜಿಗೆ ಅವು ದೀಪ."

ಅಜ್ಜಿ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. "ಏನಂತಾನ ಈ ಹುಡುಗ? ಯಾಕ ಮುಖಾ ಗಂಟ ಹಾಕ್ಯಾನ?"

"ಭಾಳ ಚಂದ ಆಗ್ಯಾವ ಅಂತಾನಜ್ಜಿ," ಎಂದಳು ಕಾಶಿ. "ಗಾಳಿಗೆ ಆರಿದ್ರ ಹೆಂಗ ಅಂತ ಚಿಂತಿ ಅಂವಗ."

ಅಜ್ಜಿಗೆ ಮಧುಕರನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಒಳಗೆ ಹೋಗಿ ಬುಟ್ಟಿ ತುಂಬ ಕರ್ಚಿಕಾಯಿ ತಂದು ಏನೇನೋ ಅನ್ನುತ್ತ ಅವನ ಕೈಗೇ ಮೊದಲು ಎರಡು ಇಟ್ಟಳು. ಏನು ಹೇಳುತ್ತಿದ್ದಾರೆ ಎಂದು ಅವನು ಸಿಡುಕಿನಿಂದಲೇ ಕೇಳಿದ. ವಾಡೆಯಲ್ಲಿ ನಿನ್ನಷ್ಟು ಜಾಣ ಹುಡುಗ ಇಲ್ಲವಂತೆ ಎಂದು ಕಾಶಿ ಹೇಳಿಬಿಟ್ಟಳು. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ.

ಕೈಯಲ್ಲಿ ಕರ್ಚಿಕಾಯಿ ಹಿಡಿದು ಜೋರಾಗಿ ಜಗಳ ಆಡುವುದು ಯಾರಿಂದಲೂ ಸಾಧ್ಯವಿಲ್ಲ. ಮಧುಕರ ಗೊಣಗುತ್ತ ತಿನ್ನತೊಡಗಿದ. ಅಂಗಳದಲ್ಲಿ ಕತ್ತಲು ಇಳಿಯುತ್ತಿತ್ತು, ದೀಪದ ಸಾಲು ಇನ್ನಷ್ಟು ಬೆಳಗತೊಡಗಿತ್ತು. ಪ್ರಲ್ಹಾದ ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ.

"ಇಷ್ಟು ಹಡಗು ಹಿಂಗೆ ಹತ್ತಿಕೊಂಡು ರಾತ್ರಿ ಬಂದರೆ," ಎಂದ ಅವನು, "ಕಾಳ್ಯಾ ಧೋತರ ಬಿಟ್ಟು ಓಡುತ್ತಾನೆ."

ನರ್ಮದಾ ಕಿಸಕ್ಕನೆ ನಕ್ಕಳು. ಮಧುಕರ ನಗಲಿಲ್ಲ. ಜಗಿಯುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಕಾಗದದ ಹಾಯಿಗಳನ್ನೊಮ್ಮೆ, ದೀಪದ ಸಾಲನ್ನೊಮ್ಮೆ ನೋಡಿದ. ಹಾಯಿಗಳನ್ನು ಮೆಲ್ಲಗೆ ಕಟ್ಟೆಯ ಮೂಲೆಗೆ ಸರಿಸಿದ.

"ದಾಳಿ ರಾತ್ರಿಯೇ ಅಂತ ನಾನು ಮೊದಲೇ ಯೋಚಿಸಿದ್ದೆ," ಎಂದ. ಅದನ್ನು ಯಾರೂ ನಂಬಲಿಲ್ಲ, ಯಾರೂ ಅಲ್ಲ ಅನ್ನಲೂ ಇಲ್ಲ.

ಔಟ್ ಎಂಬ ಮಾತು ಅಲ್ಲಿಗೇ ಬಿತ್ತು. ಕಾಶಿ ಮರಳಿಗೆ ನೀಲಿಪುಡಿ ಕಲಸಿದಳು. ಕೋಟೆಯ ಸುತ್ತ ನೀಲಿ ಮರಳು ಹರವಿದ್ದೇ ತಡ, ಸಮುದ್ರ ಸಿದ್ಧವಾಯಿತು. ಆದರೆ ಉರಿಯುವ ಹಡಗು ತರುವವರು ಯಾರು? ಹುಡುಗರು ಕೈ ಹಾಕಿದಾಗ ಅಜ್ಜಿ ಗದರಿಸಿದಳು. ಕೈ ಸುಟ್ಟುಕೊಂಡಾವು ಎಂದು ಅವಳ ಹೆದರಿಕೆ. ದೀಪಗಳನ್ನೆಲ್ಲ ಅಲ್ಲಿ ನೀಲಿಯ ಮೇಲೆ ಇಡಬೇಕಂತಜ್ಜಿ, ಈ ಊರ ಪದ್ಧತಿ ಹಾಗೆ ಎಂದು ಕಾಶಿ ಮೂರನೆಯ ಸುಳ್ಳು ಹೇಳಿದಳು. ಅಜ್ಜಿ ಹಿತ್ತಾಳೆ ತಾಟಿನಲ್ಲಿ ದೀಪಗಳನ್ನಿಟ್ಟುಕೊಂಡು, ಸೆರಗು ಅಡ್ಡ ಹಿಡಿದು, ಅಂಗಳ ದಾಟಿ ಬಂದಳು.

ಮೊದಲ ಎರಡು ದೀಪಗಳನ್ನು ಅವಳು ಹೊಸ್ತಿಲಿಗೆ ಇಡುವಂತೆ ಒಂದರ ಪಕ್ಕ ಒಂದು ಇಟ್ಟಳು. ಮೂರನೆಯದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ತಡೆದಳು. ನೀಲಿ ಮರಳನ್ನು ನೋಡಿದಳು. ನಡುವಿನ ಕೋಟೆಯನ್ನೂ, ಅದರ ಬಾಗಿಲಲ್ಲಿ ಕತ್ತಿ ಹಿಡಿದು ನಿಂತ ಮಣ್ಣಿನ ಕಾಳ್ಯಾನನ್ನೂ ನೋಡಿದಳು. ಆಮೇಲೆ ಆ ದೀಪದ ಮೂತಿಯನ್ನು ನೆಟ್ಟಗೆ ಕಾಳ್ಯಾನ ಕಡೆಗೆ ತಿರುಗಿಸಿ ಇಟ್ಟಳು. ಮೊದಲಿನ ಎರಡನ್ನೂ ತಿರುಗಿಸಿದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಅಜ್ಜಿಗೆ ಎಲ್ಲ ತಿಳಿದುಹೋಗಿದೆ ಎಂದುಕೊಂಡಳು ಕಾಶಿ. ಅಜ್ಜಿ ಅವಳ ಕಡೆ ನೋಡದೆ ಎಲ್ಲ ಹಡಗುಗಳನ್ನೂ ಇಟ್ಟು ಮುಗಿಸಿದಳು. ಸಮುದ್ರದ ನಾಲ್ಕೂ ಕಡೆಯಿಂದ ಬೆಳಕು ಕೋಟೆಯನ್ನು ಮುತ್ತಿತು. ಕಿಲ್ಲಾ ನೋಡಲು ಬಂದ ಓಣಿಯ ಜನ ಬಾಗಿಲಲ್ಲೇ ನಿಂತು ಅರೆರೆ ಎಂದರು.

"ಅಜ್ಜೀ, ನಾ..." ಎಂದಳು ಕಾಶಿ.

"ಇರ್ಲಿ ಬಿಡವಾ," ಎಂದಳು ಅಜ್ಜಿ ಮೆಲ್ಲಗೆ. "ನನ್ನ ಸಲುವಾಗಿ ಭಾಳ ಬೈಸ್ಕೊಂಡಿ ಏನ?"

ಕಾಶಿ ಇಲ್ಲವೆಂದು ತಲೆಯಾಡಿಸಿದಳು. ಅಜ್ಜಿ ಅವಳ ಗಲ್ಲ ಹಿಂಡಿ, ಎಣ್ಣೆಯ ಗಿಂಡಿಯನ್ನು ಕೈಗೆ ತೆಗೆದುಕೊಂಡಳು.

"ಆ ದೊಡ್ಡ ಹುಡುಗಗ ಹೇಳು. ಇವು ಹಡಗ ಅಂತ ನನಗ ತಿಳೀಲಿಲ್ಲ, ತಪ್ಪಾತು. ಆದ್ರ ಆ ಕತ್ತಿ ಹಿಡದಾಂವ ಸೋಲೂತನಾ ಇಲ್ಲೇ ಕುಂತು ಎಣ್ಣಿ ನಾನ ಹಾಕಾಕಿ."

ಮಧುಕರ ಪಕ್ಕದಲ್ಲೇ ನಿಂತಿದ್ದ. ಆಜಿ ಏನಂದರು ಎಂದು ಕೇಳಿದ. ಸಂಜೆಯಿಂದ ಕಾಶಿ ಅತ್ತ ಒಂದು ಇತ್ತ ಒಂದು ಕಟ್ಟಿ ಕಟ್ಟಿ ಹೇಳಿದ್ದಳು. ಈಗ ಅಜ್ಜಿಯ ಮಾತನ್ನು ಇದ್ದದ್ದು ಇದ್ದ ಹಾಗೆ, ಒಂದನ್ನೂ ಸೇರಿಸದೆ ಒಂದನ್ನೂ ಬಿಡದೆ ಮರಾಠಿಯಲ್ಲಿ ಹೇಳಿದಳು.

ಮಧುಕರ ಅಜ್ಜಿಯನ್ನೇ ನೋಡಿದ. ಆಮೇಲೆ ತನ್ನ ಮನೆಗೆ ಓಡಿಹೋಗಿ ಒಂದು ಮಣೆ ತಂದು ಸಮುದ್ರದ ದಂಡೆಯಲ್ಲಿ ಹಾಕಿದ.

ಅಜ್ಜಿ ಕೂತಳು. ಅವಳಿಗೆ ಒತ್ತಿಕೊಂಡು ಕಾಶಿಯೂ ಕೂತಳು. ಅಜ್ಜಿ ಕಾಳ್ಯಾನನ್ನು ತೋರಿಸಿ ಏನೋ ಕೇಳಿದಳು, ಪ್ರಲ್ಹಾದ ಮರಾಠಿಯಲ್ಲೇ ಏನೋ ಉತ್ತರ ಕೊಟ್ಟ, ಇಬ್ಬರೂ ನಕ್ಕರು. ಕಾಶಿ ಅವರವರ ಭಾಷೆಗೆ ಮಾತು ತಿರುಗಿಸಿ ಹೇಳಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡಳು.