ಮೂರನೆಯ ಮಹಡಿಯ ಚೀಟಿ

"ನನಗೆ ಆ ಕಾಯಿಲೆ ಬಂದೇ ಇಲ್ಲ, ಅತ್ತಿಗೆ. ಪರೀಕ್ಷೆ ಕೂಡ ಮಾಡಿಸಿಲ್ಲ. ಆದ್ರೂ ಶನಿವಾರ ಸಂಜೆಯೊಳಗೆ ಮನೆ ಖಾಲಿ ಮಾಡ್ಬೇಕಂತೆ."

ಟೈಲರಮ್ಮ ನಮ್ಮ ಹೊಸ್ತಿಲಿನಿಂದ ಎರಡು ಮಾರು ದೂರದಲ್ಲಿ ನಿಂತು ಈ ಮಾತನ್ನು ಹೇಳಿದಾಗ ಗುರುವಾರ ಬೆಳಗಿನ ಒಂಬತ್ತು ಗಂಟೆ. ಆಕೆಯ ಕೈಯಲ್ಲಿ ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಒಂದು ಚೀಟಿಯಿತ್ತು. ಮೆಟ್ಟಿಲ ಬುಡದ ಗೋಡೆಯಿಂದ ಕಿತ್ತು ತಂದದ್ದು. ನಾಲ್ಕು ಮೂಲೆಗಳಲ್ಲಿ ಅಂಟು ಇನ್ನೂ ಹಸಿಯಾಗಿತ್ತು.

"ಎಚ್ಚರಿಕೆ. ಮೂರನೆಯ ಮಹಡಿಯ ಟೈಲರಮ್ಮನಿಗೆ ಸೋಂಕು. ಸೋಮವಾರ ಅವರ ಬಳಿ ಹೋದವರು ಜೋಪಾನ." ಕೆಳಗೆ ಸಹಿಯಿರಲಿಲ್ಲ.

ನನ್ನ ಅತ್ತಿಗೆಯ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆಕೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧದಷ್ಟು ಗುಟ್ಟು ಆಕೆಯ ಕಿವಿಯನ್ನು ಹಾದುಹೋಗಿದೆ. ಒಂದೇ ಒಂದು ತುಟಿಯವರೆಗೆ ಬಂದಿಲ್ಲ. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದೇವೆ. ನಾನು ಕರೆಯುವುದನ್ನು ಕೇಳಿ ಕೇಳಿ ಬೀದಿಯವರಿಗೆಲ್ಲ ಆಕೆ ಅತ್ತಿಗೆಯೇ ಆಗಿದ್ದಾರೆ. ಕಳೆದುಹೋದದ್ದು, ಕದ್ದುಹೋದದ್ದು, ಯಾರೂ ಬಿಡಿಸಲಾರದ್ದು ಎಲ್ಲವೂ ಕೊನೆಗೆ ಆಕೆಯ ಬಾಗಿಲಿಗೇ ಬರುತ್ತವೆ.

"ಒಬ್ಬಳೇ ಇರೋಳು ನಾನು. ರೋಗದ ಹೆಸರು ಹೊತ್ತವಳಿಗೆ ಇನ್ಯಾರು ಮನೆ ಕೊಡ್ತಾರೆ? ಎರಡು ಹೊಲಿಗೆ ಯಂತ್ರ ಬೀದೀಲಿ ಇಟ್ಕೊಂಡು ಕೂರ್ಲಾ?"

"ಸೋಮವಾರ ಎಲ್ಲಿದ್ದೆ ನೀನು?" ಎಂದರು ಅತ್ತಿಗೆ.

"ಆಸ್ಪತ್ರೇಲಿ, ಅವರ ಹೊಲಿಗೆ ಕೋಣೇಲಿ. ಬೆಳಗ್ಗೆ ಆರಕ್ಕೆ ಹೋದೋಳು ರಾತ್ರಿ ಹತ್ತಕ್ಕೆ ಬಂದೆ. ಹಾಜರಿ ಪುಸ್ತಕದಲ್ಲಿದೆ."

"ಫೋನು?"

"ಚೀಲದಲ್ಲೇ ಇತ್ತು. ಇರೋದೇ ಒಂದು."

ಅತ್ತಿಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಡ್ಡಾಡತೊಡಗಿದರು. ಆ ತಿಂಗಳುಗಳಲ್ಲಿ ಯಾರೂ ನೆಮ್ಮದಿಯಾಗಿ ಕುಳಿತದ್ದನ್ನು ನಾನು ಕಾಣೆ. ಪಕ್ಕದ ಮನೆಯಲ್ಲಿ ಒಂದು ಕೆಮ್ಮು ಕೇಳಿದರೆ ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು.

ಮಧ್ಯಾಹ್ನ ಆರೋಗ್ಯಾಧಿಕಾರಿ ತಾವಾಗಿಯೇ ಬಂದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ನಲವತ್ತರ ಹೆಂಗಸು. "ನಮ್ಮ ಕಚೇರಿಯಿಂದಲೇ ಹೆಸರು ಸೋರಿದೆ ಅಂತ ಬೀದಿಯವರೆಲ್ಲ ಫೋನಿಂದ ನಮ್ಮ ಸೋಂಕು ಎಚ್ಚರಿಕೆ ಆ್ಯಪ್ ತೆಗೆದುಹಾಕ್ತಾ ಇದ್ದಾರೆ. ಹೀಗೇ ಆದ್ರೆ ಯಾರು ಯಾರಿಗೆ ಅಂಟಿಸಿದ್ರು ಅಂತ ಬ್ರಹ್ಮನಿಗೂ ತಿಳಿಯೋಲ್ಲ," ಎಂದರು.

"ಮೊದಲು ಅದು ಹೇಗೆ ಕೆಲಸ ಮಾಡುತ್ತೆ ಹೇಳಿ. ನಮ್ಮ ಮೇಷ್ಟ್ರಿಗೂ ಅರ್ಥವಾಗೋ ಹಾಗೆ," ಎಂದು ಅತ್ತಿಗೆ ನನ್ನತ್ತ ನೋಡಿದರು. ನಾನು ಗಾಂಭೀರ್ಯದಿಂದ ಕನ್ನಡಕ ಒರೆಸಿಕೊಂಡೆ.

ಅಧಿಕಾರಿ ವಿವರಿಸಿದರು. ಆ್ಯಪ್ ಇರುವ ಪ್ರತಿ ಫೋನೂ ಗಳಿಗೆಗೊಮ್ಮೆ ಬದಲಾಗುವ ಒಂದು ಸಂಖ್ಯೆಯನ್ನು ಸುತ್ತಲಿನವರಿಗೆ ಪಿಸುಗುಟ್ಟುತ್ತಿರುತ್ತದೆ. ಹತ್ತಿರವಿರುವ ಫೋನುಗಳು ಅದನ್ನು ಬರೆದಿಟ್ಟುಕೊಳ್ಳುತ್ತವೆ. ಹೆಸರಿಲ್ಲ, ವಿಳಾಸವಿಲ್ಲ. ಸೋಂಕು ತಗುಲಿದವರು ತಾವಾಗಿ ಒಪ್ಪಿದರೆ ಅವರ ಸಂಖ್ಯೆಗಳು ಪ್ರಕಟವಾಗುತ್ತವೆ. ಆಗ ಪ್ರತಿ ಫೋನೂ ತನ್ನಲ್ಲಿರುವುದರೊಡನೆ ತಾಳೆ ನೋಡಿ, ಹೊಂದಿದರೆ ಇಷ್ಟನ್ನೇ ಹೇಳುತ್ತದೆ: ಇಂಥ ದಿನ ಸೋಂಕಿತರೊಬ್ಬರ ಹತ್ತಿರ ಇದ್ದಿರಿ. ಯಾರೆಂದು ಅದಕ್ಕೂ ಗೊತ್ತಿರುವುದಿಲ್ಲ.

"ತನ್ನ ವಿಷಯ ನಿಮ್ಮನ್ನ ಕೇಳೋಕೆ ಟೈಲರಮ್ಮ ಒಪ್ಪಿದ್ದಾಳೆ. ಅವಳ ಹೆಸರು ನಿಮ್ಮ ಪಟ್ಟೀಲಿದೆಯಾ?"

"ಇಲ್ಲ. ಬೇರೆಯವರದ್ದು ಕೇಳಬೇಡಿ, ಹೇಳೋ ಹಾಗಿಲ್ಲ."

"ಕೇಳೋದಿಲ್ಲ. ನಿಮ್ಮಲ್ಲಿಲ್ಲದ ಹೆಸರು ನಿಮ್ಮಿಂದ ಸೋರೋದು ಹೇಗೆ? ಚೀಟೀಲಿ ಒಂದು ದಿನ ಇದೆ, ನೋಡಿ. ದಿನ ಮಾತ್ರ ಹೇಳೋದು ಆ್ಯಪ್ ಅಂದ್ರಲ್ಲ, ಆ ದಿನಕ್ಕೆ ಹೆಸರು ಅಂಟಿಸಿದವರು ಬೇರೆ."

ಸಂಜೆ ನಾವು ಟೈಲರಮ್ಮನ ಕಟ್ಟಡಕ್ಕೆ ಹೋದೆವು. ಮೂರು ಮಹಡಿ, ಮಹಡಿಗೆ ಎರಡರಂತೆ ಆರು ಮನೆ. ಮೂರನೆಯದರಲ್ಲಿ ಒಂದು ಟೈಲರಮ್ಮನದು, ಪಕ್ಕದ್ದು ಕಟ್ಟಡದ ಸಂಘದ ಕಾರ್ಯದರ್ಶಿಗಳದು. ಉಗ್ರಾಣದ ಮೇಲ್ವಿಚಾರಕರಾಗಿ ನಿವೃತ್ತರಾದ ಅವರು ನೀರಿನ ನಲ್ಲಿಗೂ ನಂಬರು ಬರೆದು ಅಂಟಿಸಿದ್ದರು.

"ಬನ್ನಿ ಅತ್ತಿಗೆ, ಒಳಗೆ ಕರೆಯೋ ಹಾಗಿಲ್ಲ. ನಮ್ಮನೆಯವಳಿಗೆ ಮಂಗಳವಾರದಿಂದ ತಲೆನೋವು. ಹಿಂದಿನ ಕೋಣೆ ಸೇರಿಬಿಟ್ಟಿದ್ದಾಳೆ. ತಟ್ಟೆ ಬಾಗಿಲ ಹೊರಗೆ ಇಡಿ ಅಂತಾಳೆ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅಡುಗೆ ನಂದು. ಅದನ್ನ ತಿಂದೇ ತಲೆನೋವು ಜಾಸ್ತಿಯಾಗಿರಬೇಕು."

"ನಿಮ್ಮ ಫೋನಲ್ಲಿ ಆ ಆ್ಯಪ್ ಇದೆಯಾ?"

"ಛೆ, ನಮ್ಮ ಖಾಸಗಿ ವಿಷಯ ಯಾರ್ಯಾರ ಪಾಲಾಗುತ್ತೋ. ನಮ್ಮನೆಯವಳು ಹಾಕ್ಕೊಂಡಿದ್ದಾಳೆ, ನಾನು ಹಾಕಿಲ್ಲ."

"ಮಕ್ಕಳ ಪಾಠಕ್ಕೆ ಅಂತ ಹಳೆ ಫೋನು ಒಟ್ಟುಮಾಡಿದ್ರಂತೆ?"

"ಐದು ಸಿಕ್ಕಿವೆ. ಹಂಚೋದು ತಡವಾಯ್ತು." ಅವರು ಮಾತು ಬದಲಿಸಿದರು. "ಚೀಟಿ ಯಾರು ಹಾಕಿದರೋ, ಒಳ್ಳೇದಕ್ಕೇ ಹಾಕಿದ್ದಾರೆ ಬಿಡಿ. ರೋಗ ಬಚ್ಚಿಟ್ರೆ ಮನೆಮಂದೀನೆಲ್ಲ ನುಂಗುತ್ತೆ. ಮನೆಯ ಮಾಲೀಕರಿಗೂ ನಾನೇ ತಿಳಿಸಿದೆ."

ಹೊರಡುವಾಗ ಅತ್ತಿಗೆ ಟೈಲರಮ್ಮನ ಬಾಗಿಲ ಪಕ್ಕದ ಮೀಟರು ಗೂಡಿನ ಮುಂದೆ ನಿಂತರು. ಪ್ರತಿ ಮನೆಗೂ ಅಂಥದೊಂದು ಮರದ ಗೂಡಿತ್ತು. ಇದರ ಬೀಗ ಹೊಚ್ಚ ಹೊಸದು. ಮೇಲಿನ ದೀಪದ ಹೋಲ್ಡರಿನಿಂದ ಸಣ್ಣದೊಂದು ತಂತಿ ಇಳಿದು ಹಲಗೆಯ ಸಂದಿನಲ್ಲಿ ಮರೆಯಾಗಿತ್ತು. ಅತ್ತಿಗೆ ಗೂಡಿನ ಪಕ್ಕದ ಗೋಡೆಯನ್ನು ಬೆರಳಿನಿಂದ ಎರಡು ಬಾರಿ ತಟ್ಟಿದರು. ಆಚೆ ಕೋಣೆಯಲ್ಲಿ ಹಾಡುತ್ತಿದ್ದ ರೇಡಿಯೊ ತಟ್ಟನೆ ಸಣ್ಣದಾಯಿತು.

ಶುಕ್ರವಾರವಿಡೀ ಆಕೆ ಮತ್ತೆ ಕಿಟಕಿ ಬಾಗಿಲುಗಳ ನಡುವೆ ಅಡ್ಡಾಡಿದರು. ನಾನು ಕೇಳಿದ್ದಕ್ಕೆ, "ಯಾರು ಮಾಡಿದ್ದು ಅಂತ ಗೊತ್ತಾಗಿದೆ ಮೇಷ್ಟ್ರೇ. ಅದನ್ನ ಹೇಳೋಕೆ ಹೋದ್ರೆ ಇನ್ನೊಂದು ಗುಟ್ಟು ಜೊತೆಗೆ ಬಿದ್ದುಬಿಡುತ್ತೆ. ಅದೇ ಸಂಕಟ," ಎಂದರು.

ಶನಿವಾರ ನಾಲ್ಕು ಗಂಟೆಗೆ ಎಲ್ಲರೂ ಆ ಕಟ್ಟಡದ ಅಂಗಳದಲ್ಲಿ ಸೇರಿದೆವು. ಆರಾರು ಅಡಿಗೆ ಒಂದು ಕುರ್ಚಿ. ಬರಲಾರದವರು ತಮ್ಮ ತಮ್ಮ ಕಿಟಕಿಗಳಲ್ಲಿ. ಟೈಲರಮ್ಮನ ಯಂತ್ರಗಳು ಆಗಲೇ ಗೋಣಿ ಸುತ್ತಿಸಿಕೊಂಡು ಗೋಡೆಗೊರಗಿದ್ದವು. ಕಾರ್ಯದರ್ಶಿಗಳ ಕುರ್ಚಿಯನ್ನು ಮಾತ್ರ ಅತ್ತಿಗೆ ಎಲ್ಲರಿಂದ ದೂರ, ಗೇಟಿನ ಬಳಿ ಹಾಕಿಸಿದ್ದರು.

"ಅಷ್ಟು ದೂರ ಯಾಕೆ? ನಾನೇನು ಹೊರಗಿನವನಾ?" ಎಂದು ಅವರು ಗೊಣಗಿದರು.

"ಗಾಳಿ ಚೆನ್ನಾಗಿ ಬರುತ್ತೆ, ಕೂತ್ಕೊಳ್ಳಿ," ಎಂದರು ಅತ್ತಿಗೆ.

ಆರೋಗ್ಯಾಧಿಕಾರಿಯ ಜೊತೆ ಬಂದಿದ್ದ ಲೈನ್‌ಮನ್ ಮೇಲೆ ಹೋಗಿ ಮೀಟರು ಗೂಡುಗಳ ಬೀಗ ತೆಗೆದು, ಬುಟ್ಟಿಯೊಂದನ್ನು ತಂದಿಟ್ಟ. ಅದರಲ್ಲಿ ಐದು ಹಳೆಯ ಫೋನುಗಳು. ಪ್ರತಿಯೊಂದರ ಬೆನ್ನಿಗೂ ನಂಬರು ಬರೆದು ಅಂಟಿಸಿತ್ತು. ಗುಂಪಿನಲ್ಲಿ ಗುಸುಗುಸು ಎದ್ದಿತು. ನಂಬರು ಅಂಟಿಸುವ ಕೈ ಯಾರದೆಂದು ಹೇಳಬೇಕಾಗಿರಲಿಲ್ಲ.

ಅತ್ತಿಗೆ ನಿಂತುಕೊಂಡೇ ಮಾತಾಡಿದರು. "ಈ ಆ್ಯಪ್ಪಿಗೆ ಹೆಸರು ಗೊತ್ತಿಲ್ಲ, ನಿಜ. ದಿನವೆಲ್ಲ ಹತ್ತಾರು ಜನರ ನಡುವೆ ಓಡಾಡೋ ಫೋನಿಗೆ ಸೂಚನೆ ಬಂದ್ರೆ ಯಾರಿಂದ ಅಂತ ಯಾರಿಗೂ ತಿಳಿಯೋಲ್ಲ. ಆದ್ರೆ ಒಂದೇ ಬಾಗಿಲು ಕಾಯೋ ಫೋನಿಗೆ ಹೆಸರು ಯಾಕೆ ಬೇಕು? ಇವರು ತಮ್ಮ ಮನೆ ಬಿಟ್ಟು ಐದು ಬಾಗಿಲಿಗೆ ಆ್ಯಪ್ ಹಾಕಿದ ಐದು ಫೋನು ಕಾವಲಿಟ್ರು. ಗುರುವಾರ ಬೆಳಗ್ಗೆ ಟೈಲರಮ್ಮನ ಬಾಗಿಲ ಫೋನು ಸೋಮವಾರ ಅಂದಿತು. ಇವರು ಟೈಲರಮ್ಮ ಅಂತ ಓದಿಕೊಂಡ್ರು."

"ಹೌದು, ನಾನೇ ಇಟ್ಟೆ," ಎಂದು ಕಾರ್ಯದರ್ಶಿಗಳು ಎದ್ದರು. "ಏನು ತಪ್ಪು? ಕಟ್ಟಡದಲ್ಲಿ ಮುದುಕರಿದ್ದಾರೆ, ಹಸುಗೂಸಿದೆ. ಅವರಿಗೆ ಏನಾದ್ರೂ ಆದ್ರೆ ನೀವು ಬಂದು ಉತ್ತರ ಹೇಳ್ತೀರಾ?"

"ನಿಮ್ಮ ಹೆದರಿಕೆ ಸುಳ್ಳಲ್ಲ. ಚೀಟಿ ಸುಳ್ಳು." ಅತ್ತಿಗೆ ಆಸ್ಪತ್ರೆಯ ಹಾಜರಿ ಪುಟವನ್ನು ಎತ್ತಿ ಹಿಡಿದರು. "ಸೋಮವಾರ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಟೈಲರಮ್ಮನೂ ಅವಳ ಫೋನೂ ಇಲ್ಲಿರಲೇ ಇಲ್ಲ. ಅವಳು ಪರೀಕ್ಷೇನೇ ಮಾಡಿಸಿಲ್ಲ. ಒಪ್ಪಿಗೆ ಕೊಡದವಳ ಸಂಖ್ಯೆ ಪ್ರಕಟವಾಗೋದು ಹೇಗೆ? ಫೋನಿನ ಪಿಸುಮಾತು ಗೋಡೆ ದಾಟುತ್ತೆ. ಗೂಡಿನ ಫೋನು ಕೇಳಿದ್ದು ಬೇರೆಯವರ ದನಿ."

"ಹಾಗಾದ್ರೆ ಬೇರೆ ಯಾರೋ ಇದ್ದಾರೆ ಅಂತಾಯ್ತಲ್ಲ. ಯಾರದು?"

"ಅದು ನಿಮಗೆ ಬೇಡ. ಅವರು ಬಾಗಿಲು ಹಾಕ್ಕೊಂಡು, ಯಾರ ಬಳಿಯೂ ಸುಳಿಯದೆ ಮರ್ಯಾದೆಯಿಂದ ಇದ್ದಾರೆ."

"ಬೇಕು. ನನ್ನ ಕಣ್ಣು ತಪ್ಪಿಸೋಕಾಗೋಲ್ಲ. ಯಾರೇ ಆಗಲಿ, ಹೆಸರು ಬರೆದು ಗೋಡೆಗೆ ಹಾಕ್ತೀನಿ. ನನ್ನ ಮನೆಯವರೇ ಆದ್ರೂ ಹಾಕ್ತೀನಿ."

ಅತ್ತಿಗೆ ತುಟಿ ಬಿಗಿಹಿಡಿದು ನೆಲ ನೋಡಿದರು. ಮೂವತ್ತೆರಡು ವರ್ಷದ ಅಭ್ಯಾಸ ಅದು. ಆಕೆ ಹೇಳುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಆಗ ಮೂರನೆಯ ಮಹಡಿಯಲ್ಲಿ, ಗುರುವಾರ ರೇಡಿಯೊ ಹಾಡುತ್ತಿದ್ದ ಹಿಂದಿನ ಕೋಣೆಯ ಕಿಟಕಿ ತೆರೆಯಿತು.

"ಹಾಗಾದ್ರೆ ಬರೀರಿ," ಎಂದಿತು ಕಾರ್ಯದರ್ಶಿಗಳ ಹೆಂಡತಿಯ ದನಿ. ಮುಖಗವಸಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. "ನಾನೇ. ಮಂಗಳವಾರ ನೀವು ಸ್ನಾನಕ್ಕೆ ಹೋದಾಗ ಬೀದಿ ತುದಿಯ ಶಿಬಿರದಲ್ಲಿ ಪರೀಕ್ಷೆ ಮಾಡಿಸಿಕೊಂಡು ಬಂದೆ. ಬುಧವಾರ ರಾತ್ರಿ ಗೊತ್ತಾಯ್ತು, ಸಂಖ್ಯೆ ಪ್ರಕಟಿಸೋಕೆ ಆಗಲೇ ಒಪ್ಪಿದೆ. ಯಾರಿಗೇ ಬಂದ್ರೂ ಗೋಡೆಗೆ ಬರೀತೀನಿ ಅಂತ ನೀವು ತಿಂಗಳಿಂದ ಹೇಳ್ತಿದ್ರಲ್ಲ, ನಿಮಗೆ ಹೇಳೋಕೆ ಧೈರ್ಯ ಸಾಲಲಿಲ್ಲ. ಟೈಲರಮ್ಮ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ ಕಣಮ್ಮ. ನಿನ್ನ ಯಂತ್ರ ಕೆಳಗಿಳಿಯೋ ಸದ್ದು ಕೇಳಿದ ಮೇಲೆ ಆಗಲಿಲ್ಲ."

ಕುರ್ಚಿ ದೂರ ಹಾಕಿಸಿದ್ದರ ಅರ್ಥ ನನಗೆ ಆಗ ಹೊಳೆಯಿತು. ಆರೋಗ್ಯಾಧಿಕಾರಿ ಮೆಲ್ಲಗೆ, "ಸ್ವಾಮಿ, ನಿಮಗೂ ಪರೀಕ್ಷೆ ಆಗಬೇಕು. ನಿಮ್ಮ ಫೋನಲ್ಲಿ ಆ್ಯಪ್ ಇದ್ದಿದ್ರೆ ಗುರುವಾರವೇ ತಿಳೀತಿತ್ತು," ಎಂದರು. ಕಾರ್ಯದರ್ಶಿಗಳು ಕತ್ತೆತ್ತಿ ಕಿಟಕಿಯನ್ನೇ ನೋಡುತ್ತಿದ್ದರು.

"ಅಕ್ಕಾ, ಕಿಟಕೀಲಿ ಬಹಳ ಹೊತ್ತು ನಿಲ್ಲಬೇಡಿ," ಎಂದಳು ಟೈಲರಮ್ಮ. ದನಿಯಲ್ಲಿ ಸಿಟ್ಟು ಪೂರ್ತಿ ಹೋಗಿರಲಿಲ್ಲ. "ರಾತ್ರಿಗೆ ಊಟ ನಾನು ಇಡ್ತೀನಿ. ಅವರ ಅಡುಗೆ ತಿಂದು ಯಾರೂ ಬದುಕಿದ್ದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆ ಗಡಿಯಾರ ನೋಡಿದರು. "ಐದಾಯ್ತು. ಮಾಲೀಕರಿಗೆ ತಿಳಿಸಿದವರು ನೀವೇ ಅಲ್ಲವೇ? ನೀವೇ ಹೇಳಿ."

ಕಾರ್ಯದರ್ಶಿಗಳು ಫೋನು ಒತ್ತಿದರು. ಕಿವಿಗಿಟ್ಟ ಫೋನು ಅವರಿಗೆ ಸರಿಯಾಗಿ ಕೇಳಿಸದು. ಯಾವಾಗಲೂ ಸ್ಪೀಕರಿನಲ್ಲೇ ಮಾತು. ಮಾಲೀಕರ ದನಿ ಅಂಗಳಕ್ಕೆಲ್ಲ ಕೇಳಿಸಿತು.

"ಏನ್ರೀ, ಖಾಲಿ ಮಾಡಿದಳಾ?"

"ಇಲ್ಲ. ಮಾಡೋದು ಬೇಡ. ಟೈಲರಮ್ಮನಿಗೆ ಏನೂ ಇಲ್ಲ. ತಪ್ಪು ನಂದು."

"ಅವಳಿಗಲ್ವಾ? ಮತ್ತೆ ಯಾರಿಗ್ರೀ?"

ಕಾರ್ಯದರ್ಶಿಗಳು ಇನ್ನೊಮ್ಮೆ ಮೇಲೆ ನೋಡಿದರು.

"ಅದನ್ನ ಕೇಳಬೇಡಿ," ಎಂದರು.